ಪಾಟ್ ತಟ್ಟೆ ನೀರಿನ ಸೊಳ್ಳೆ ಮರಿಗೆ ಬಿಟಿಐ ಬಿಲ್ಲೆ ಮತ್ತು ಪುಡಿ: ಒಂದು ಮಳೆಗಾಲ ಪೂರ್ತಿ ಬಳಸಿ ಬರೀತಿರೋದು

2024ರ ಜುಲೈನಲ್ಲಿ ನನ್ನ ಮಗನಿಗೆ ಡೆಂಗ್ಯೂ ಬಂತು. ಅಲ್ಲಿಂದ ಶುರು ಮಾಡ್ತೀನಿ, ಯಾಕಂದ್ರೆ ಅದಾಗದೇ ಇದ್ದಿದ್ರೆ ನಾನು ಬಿಟಿಐ ಅನ್ನೋ ಈ ಸೊಳ್ಳೆ ಮರಿ ಕೊಲ್ಲೋ ಸಾಮಾನು ಹುಡುಕ್ತಾನೇ ಇರ್ಲಿಲ್ಲ.

ನಮ್ದು ಸುಂಟಿಕೊಪ್ಪದ ಹತ್ರ ಸಣ್ಣ ತೋಟ, ಮನೆ ಸುತ್ತ ಜಗಲಿ, ಜಗಲಿ ತುಂಬ ಪಾಟ್‌ಗಳು. ಅತ್ತೆ ಮೂವತ್ತು ವರ್ಷದಿಂದ ಬೆಳೆಸಿದ ಆಂಥೂರಿಯಂ ಇದೆ, ಜೊತೆಗೆ ಬಿಗೋನಿಯಾ, ಫರ್ನ್, ಆರ್ಕಿಡ್, ನಾನು ಮದುವೆ ಆಗಿ ಬಂದ್ಮೇಲೆ ಸೇರಿಸಿದ ಬ್ರೊಮಿಲಿಯಾಡ್, ಒಂದು ಸಿಮೆಂಟ್ ತೊಟ್ಟೀಲಿ ತಾವರೆ, ಅಡುಗೆಮನೆ ಕಿಟಕೀಲಿ ಬಾಟ್ಲಿಯಲ್ಲಿ ಮನಿಪ್ಲಾಂಟ್. ಎಣಿಸಿದ್ರೆ 140ರ ಮೇಲೆ ಆಗುತ್ತೆ. ಕೊಡಗಲ್ಲಿ ಇದೇನು ವಿಶೇಷ ಅಲ್ಲ, ಯಾರ ಮನೆಗೆ ಹೋದ್ರೂ ಮೆಟ್ಟಿಲಿಂದಾನೇ ಹೂವಿನ ಚಟ್ಟಿ ಶುರುವಾಗುತ್ತೆ. ಜಗಲಿ ರೆಡ್ ಆಕ್ಸೈಡ್ ನೆಲ, ಕಲೆ ಆಗಬಾರ್ದು ಅಂತ ಪ್ರತಿ ಪಾಟ್ ಕೆಳಗೂ ಒಂದೊಂದು ಪ್ಲಾಸ್ಟಿಕ್ ತಟ್ಟೆ.

ಆ ಜುಲೈನಲ್ಲಿ ಮಳೆ ಜೋರಿತ್ತು, ಶಾಲೆಗೆ ಮೇಲಿಂದ ಮೇಲೆ ಮಳೆ ರಜೆ ಕೊಡ್ತಿದ್ರು, ಮಗ ಇಡೀ ದಿನ ಜಗಲೀಲೇ ಆಡ್ಕೊಂಡಿರ್ತಿದ್ದ. ಮನೆ ಒಳಗೇ ಇದಾನಲ್ಲ, ಮಳೇಲಿ ನೆನೀತಿಲ್ವಲ್ಲ ಅಂತ ನನಗೆ ಸಮಾಧಾನ. ಸಂಜೆ ಆದ್ರೆ ಕಿಟಕಿ ಬಾಗಿಲು ಹಾಕಿ ಸೊಳ್ಳೆ ಬತ್ತಿ ಹಚ್ತಿದ್ವಿ, ರಾತ್ರಿ ಪರದೆ ಕಟ್ತಿದ್ವಿ. ಆದ್ರೆ ಡೆಂಗ್ಯೂ ಸೊಳ್ಳೆ ಕಚ್ಚೋದು ಹಗಲು, ಅದ್ರಲ್ಲೂ ಬೆಳಿಗ್ಗೆ ಮತ್ತೆ ಸಂಜೆ ಮುಂಚೆ. ಅಂದ್ರೆ ಸರಿಯಾಗಿ ಅವನು ಆಂಥೂರಿಯಂ ಪಾಟ್‌ಗಳ ಮಧ್ಯೆ ಕೂತು ಕಾರ್ ಓಡಿಸ್ತಿದ್ದ ಹೊತ್ತು.

ಐದು ದಿನ ಆಸ್ಪತ್ರೇಲಿದ್ವಿ, ದಿನಾ ಬೆಳಿಗ್ಗೆ ಪ್ಲೇಟ್‌ಲೆಟ್ ರಿಪೋರ್ಟ್ ಕಾಯೋದು. ಆ ದಿನಗಳ ಬಗ್ಗೆ ಬರೆಯೋಕೆ ಈಗ್ಲೂ ಮನಸ್ಸು ಬರಲ್ಲ, ಹುಷಾರಾದ, ಅಷ್ಟು ಸಾಕು. ಮನೆಗೆ ಬಂದ ಮಾರನೇ ದಿನ ಆಶಾ ಅಕ್ಕ ಮತ್ತೆ ಆರೋಗ್ಯ ಇಲಾಖೆಯವ್ರು ಒಬ್ರು ಬಂದ್ರು, ಕೇಸ್ ಬಂದ ಮನೆ ಸುತ್ತ ಲಾರ್ವಾ, ಅಂದ್ರೆ ಸೊಳ್ಳೆ ಮರಿ, ಸರ್ವೆ ಮಾಡ್ಬೇಕು ಅಂತ. ನಾನು ಡ್ರಮ್ ತೋರಿಸಿದೆ, ಟ್ಯಾಂಕ್ ತೋರಿಸಿದೆ, ಎಲ್ಲಾ ಮುಚ್ಚಿದೆ ನೋಡಿ ಅಂದೆ. ಆಶಾ ಅಕ್ಕ ಏನೂ ಮಾತಾಡದೆ ಜಗಲೀಲಿ ಕುಕ್ಕರುಗಾಲಲ್ಲಿ ಕೂತು ಒಂದು ಆಂಥೂರಿಯಂ ಪಾಟ್‌ನ ಒಂಚೂರು ವಾಲಿಸಿ ತಟ್ಟೆಗೆ ಟಾರ್ಚ್ ಬಿಟ್ರು. ಬೆಳಕು ಬಿದ್ದ ತಕ್ಷಣ ನೀರೆಲ್ಲಾ ಕೊಕ್ಕೆ ಕೊಕ್ಕೆಯಾಗಿ ಅಲುಗಾಡಿ ತಳಕ್ಕೆ ಇಳೀತು. "ನೋಡಿ ಅಕ್ಕಾ, ಇಲ್ಲೇ ಇದೆ" ಅಂದ್ರು, ಅಷ್ಟೇ, ಬೈಲಿಲ್ಲ. ಹನ್ನೊಂದು ತಟ್ಟೇಲಿ ಸಿಕ್ತು. ನನ್ನ ಮಗು ಕೂರ್ತಿದ್ದ ಜಾಗದಿಂದ ಎರಡಡಿ ದೂರದಲ್ಲಿ.

ಅದೇ ವರ್ಷ ಸೆಪ್ಟೆಂಬರಲ್ಲಿ ಸರ್ಕಾರ ಡೆಂಗ್ಯೂನ ಸಾಂಕ್ರಾಮಿಕ ರೋಗ ಅಂತ ಘೋಷಣೆ ಮಾಡಿ, ಸೊಳ್ಳೆ ಬೆಳೆಯೋ ನೀರು ಇಟ್ಕೊಂಡ ಮನೆಗಳಿಗೆ ದಂಡ ಅಂತಾನೂ ತಂತು, ನಗರದಲ್ಲಿ 400 ರೂಪಾಯಿ, ಹಳ್ಳೀಲಿ 200. ನನಗೆ ಆ ದಂಡದ ಹೆದರಿಕೆ ಬೇಕಾಗಿರ್ಲಿಲ್ಲ.

ಸರಿ, ಮೊದಲು ಎಲ್ರೂ ಹೇಳಿದ್ದನ್ನೆಲ್ಲ ಮಾಡ್ದೆ. ಸೀಮೆಎಣ್ಣೆ ನಾಲ್ಕು ಹನಿ ಹಾಕು ಅಂದ್ರು ಒಬ್ರು. ಹಾಕಿದ್ರೆ ಸೊಳ್ಳೆ ಮರಿ ಸಾಯ್ತವೆ ನಿಜ, ಅವು ಬಾಲದ ಹತ್ರ ಇರೋ ಕೊಳವೇನ ನೀರಿನ ಮೇಲ್ಮೈಗೆ ಹಚ್ಚಿ ಉಸಿರಾಡ್ತವೆ, ಎಣ್ಣೆ ಪದರ ಬಂದ್ರೆ ಉಸಿರು ಕಟ್ಟುತ್ತೆ. ಆದ್ರೆ ಪಾಟ್ ತಟ್ಟೆ ನೀರನ್ನ ಗಿಡ ಕೆಳಗಿಂದ ಎಳ್ಕೊಳುತ್ತೆ ಅಲ್ವಾ, ಎರಡು ಆಂಥೂರಿಯಂ ಎಲೆ ಹಳದಿಯಾಗಿ ಬೇರು ಕರಗಿಹೋಯ್ತು, ಅತ್ತೆ ಒಂದು ಮಾತೂ ಅನ್ಲಿಲ್ಲ, ಅದೇ ನನಗೆ ಜಾಸ್ತಿ ಬೇಜಾರಾಯ್ತು. ಉಪ್ಪು, ಬ್ಲೀಚಿಂಗ್ ಪೌಡರ್ ಕೂಡ ಹಾಗೇನೇ, ಗಿಡದ ಹತ್ರ ತರೋ ಸಾಮಾನಲ್ಲ. ಕಾಫಿ ಚರಟ ಹಾಕಿ ನೋಡಿದೆ, ನಮ್ಮಲ್ಲಿ ಅದಕ್ಕೇನು ಬರ. ಎರಡನೇ ದಿನಕ್ಕೆ ತಟ್ಟೇಲಿ ಬೂಸ್ಟು ಬಂತು, ಮರಿಗಳು ಹಾಯಾಗಿ ಓಡಾಡ್ಕೊಂಡೇ ಇದ್ವು. ಬೇವಿನ ಎಣ್ಣೆ ಸ್ವಲ್ಪ ಕೆಲಸ ಮಾಡ್ತು ಆದ್ರೆ ಮೂರ್ನಾಲ್ಕು ದಿನಕ್ಕೊಮ್ಮೆ ಹಾಕ್ಬೇಕು, ಜಗಲಿ ನೆಲ ಜಿಡ್ಡು, ವಾಸನೆ ಬೇರೆ.

ತಾವರೆ ತೊಟ್ಟಿಗೆ ಗಪ್ಪಿ ಮೀನು ಬಿಟ್ವಿ. ಅದು ತುಂಬಾ ಚೆನ್ನಾಗಿ ಆಯ್ತು, ಅಲ್ಲಿ ಈಗ ಒಂದು ಮರಿ ಕಾಣಲ್ಲ. ಒಂದೇ ಮಾತು, ಗಪ್ಪಿ ಆಗ್ಲಿ ಗ್ಯಾಂಬೂಸಿಯಾ ಆಗ್ಲಿ ನಮ್ಮೂರ ಮೀನಲ್ಲ, ಹೊರದೇಶದ್ದು, ತೊಟ್ಟಿ ತುಂಬ್ತು ಅಂತ ತಗೊಂಡೋಗಿ ತೋಡಿಗೆ ಹೊಳೆಗೆ ಬಿಡ್ಬೇಡಿ, ನಮ್ಮ ತೋಡೆಲ್ಲಾ ಸೇರೋದು ಕಾವೇರಿಗೇ, ಅಲ್ಲಿರೋ ನಮ್ಮ ಮೀನುಗಳಿಗೆ ತೊಂದ್ರೆ. ಆದ್ರೆ ಪಾಟ್ ತಟ್ಟೆಗೆ ಮೀನು ಬಿಡೋಕಾಗುತ್ತಾ? ಬ್ರೊಮಿಲಿಯಾಡ್ ಎಲೆ ಮಧ್ಯೆ ನೀರು ನಿಲ್ಲೋ ಬಟ್ಟಲಿಗೆ? ಅಲ್ಲಿಗೇ ನಾನು ಬಿಟಿಐ ಹುಡುಕ್ಕೊಂಡು ಹೋಗಿದ್ದು.

ಬಿಟಿಐ ಅಂದ್ರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್. ಹೆಸರು ಉದ್ದ, ಸಾಮಾನು ಸರಳ, ಮಣ್ಣಲ್ಲಿರೋ ಒಂದು ಬ್ಯಾಕ್ಟೀರಿಯಾ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮೀಲಿ ಒಂದು ಬತ್ತುತ್ತಿದ್ದ ಗುಂಡೀಲಿ ಸೊಳ್ಳೆ ಮರಿಗಳು ರಾಶಿ ಸತ್ತು ಬಿದ್ದಿದ್ದು ನೋಡಿ ಅಲ್ಲಿಂದ ಇದನ್ನ ಕಂಡುಹಿಡಿದ್ರು. ಇದು ಬೀಜಕ ಆಗೋ ಹೊತ್ತಲ್ಲಿ ಒಂದು ಪ್ರೋಟೀನ್ ಹರಳು ಕಟ್ಟುತ್ತೆ. ಸೊಳ್ಳೆ ಮರಿ ನೀರಲ್ಲಿರೋ ಸಣ್ಣಪುಟ್ಟದ್ದನ್ನೆಲ್ಲ ಸೋಸಿ ತಿನ್ನೋ ಪ್ರಾಣಿ, ಆ ಹರಳನ್ನೂ ತಿನ್ನುತ್ತೆ, ಅದರ ಹೊಟ್ಟೆ ಕ್ಷಾರ ಜಾಸ್ತಿ ಇರೋದ್ರಿಂದ ಹರಳು ಕರಗಿ ವಿಷ ಆಗಿ ಕರುಳಿಗೆ ತೂತು ಬೀಳುತ್ತೆ. ನಮ್ಮ ಹೊಟ್ಟೆ ಆಮ್ಲದ್ದು, ನಾಯಿ ಕೋಳಿಗಳದ್ದೂ ಹಾಗೇ, ಅಲ್ಲಿ ಇದು ಕೆಲಸ ಮಾಡಲ್ಲ. ಮೀನಿಗೂ ಜೇನಿಗೂ ತೊಂದ್ರೆ ಇಲ್ಲ. ನಮ್ಮನೇಲಿ ಎರಡು ಜೇನು ಪೆಟ್ಟಿಗೆ ಇದೆ, ಬೇಸಿಗೇಲಿ ಜೇನು ನೀರು ಕುಡಿಯೋಕೆ ಬರೋದೇ ಈ ತಟ್ಟೆಗಳಿಗೆ, ಹಾಗಾಗಿ ನಾನು ಇದನ್ನ ಎರಡು ಮೂರು ಸಲ ಓದಿ ಖಚಿತ ಮಾಡ್ಕೊಂಡೇ ತರಿಸಿದ್ದು.

ತರಿಸೋಕೆ ಮುಂಚೆ ಪೇಟೇಲಿ ಸಿಗುತ್ತಾ ನೋಡೋಣ ಅಂತ ಒಂದು ಗೊಬ್ಬರದಂಗಡಿಗೆ ಹೋದೆ. ಬಿಟಿ ಇದ್ಯಾ ಅಂದೆ, ಇದೆ ಅಂತ ಕೊಟ್ರು, ಮನೆಗೆ ತಂದು ಹಾಕಿ ವಾರ ಕಾದ್ರೂ ಒಂದು ಮರಿ ಸಾಯಲಿಲ್ಲ. ಆಮೇಲೆ ಡಬ್ಬದ ಸಣ್ಣಕ್ಷರ ಓದಿದ್ರೆ ಕುರ್ಸ್ಟಾಕಿ ಅಂತಿದೆ. ಅದು ಎಲೆ ತಿನ್ನೋ ಕಂಬಳಿಹುಳ, ಕಾಯಿಕೊರಕಕ್ಕೆ ಇರೋದು, ಒಂದೇ ಬ್ಯಾಕ್ಟೀರಿಯಾದ ಬೇರೆ ತಳಿ, ಸೊಳ್ಳೆಗೆ ಏನೂ ಮಾಡಲ್ಲ. ಇದನ್ನ ದಯವಿಟ್ಟು ನೆನಪಿಡಿ, ಬರೀ ಬಿಟಿ ಅಂತ ಕೇಳ್ಬೇಡಿ, ಇಸ್ರೇಲೆನ್ಸಿಸ್ ಅಂತ ಲೇಬಲ್ ಮೇಲೆ ಇದ್ರೆ ಮಾತ್ರ ದುಡ್ಡು ಕೊಡಿ.

ಆಮೇಲೆ ಆನ್‌ಲೈನಲ್ಲಿ ಬಿಲ್ಲೆ ತರಿಸಿದೆ. ಮೊದಲ್ನೇ ಸಲ ಬಂದಿದ್ದು ಹಾಳಾಗಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ತೋಟದ ಮನೆ ತನಕ ಪಾರ್ಸೆಲ್ ಬರಲ್ಲ, ಪೇಟೇಲಿ ಇಳಿಸಿ ಫೋನ್ ಮಾಡ್ತಾರೆ, ನಾಲ್ಕು ದಿನ ಎಲ್ಲೋ ಒದ್ದೆ ನೆಲದಲ್ಲಿಟ್ಟಿದ್ರು ಅನ್ಸುತ್ತೆ, ಕವರ್ ತೆಗೆದ್ರೆ ಬಿಲ್ಲೆಗಳು ಉಬ್ಬಿ ಪುಡಿಯಾಗಿ ಒಂದಕ್ಕೊಂದು ಅಂಟ್ಕೊಂಡು ಬೂಸ್ಟು ವಾಸನೆ, ಅದ್ರ ಮೇಲೆ ಎಕ್ಸ್‌ಪೈರಿಗೆ ಎರಡೇ ತಿಂಗಳು ಬಾಕಿ. ವಾಪಸ್ ತಗೊಳಲ್ಲ ಅಂದ್ರು. ಯಾರ ಹತ್ರ ತಗೊಂಡೆ ಅನ್ನೋದು ಬೇಡ, ನೀವು ತರಿಸೋದಾದ್ರೆ ಮಾರ್ಚ್ ಏಪ್ರಿಲ್‌ನಲ್ಲೇ ತರಿಸಿ, ತಯಾರಾದ ದಿನಾಂಕ ಕೇಳಿ, ಬಂದ ಮೇಲೆ ಗಾಳಿಯಾಡದ ಸ್ಟೀಲ್ ಡಬ್ಬೀಲಿ ಹಾಕಿ ಒಣ ಜಾಗದಲ್ಲಿಡಿ. ಕೊಡಗಿನ ಮಳೆಗಾಲದಲ್ಲಿ ಒಣ ಜಾಗ ಅಂದ್ರೆ ಒಲೆ ಮೇಲಿನ ಅಟ್ಟ ನೆನಪಾಗುತ್ತೆ, ಆದ್ರೆ ಬಿಸಿ ತಾಗೋ ಕಡೆ ಇಡ್ಬಾರ್ದು, ನಾನು ಬೀರು ಒಳಗೆ ಬಟ್ಟೆ ಜೊತೆ ಇಟ್ಟೆ.

ಎರಡನೇ ಸಲ ಬೇರೆ ಕಡೆಯಿಂದ ತರಿಸಿದ್ದು ಸರಿ ಇತ್ತು. ನೋಡೋಕೆ ಸಣ್ಣ ಉದ್ದಿನವಡೆ ಹಾಗೆ, ಮಧ್ಯೆ ತೂತು, ಬಣ್ಣ ತಿಳಿ ಕಂದು, ಮುಟ್ಟಿದ್ರೆ ಒತ್ತಿದ ಮರದ ಪುಡಿ ತರ. ನೀರಿಗೆ ಹಾಕಿದ್ರೆ ತೇಲುತ್ತೆ, ನಿಧಾನಕ್ಕೆ ಕರಗ್ತಾ ಬ್ಯಾಕ್ಟೀರಿಯಾ ಬಿಡ್ತಾ ಹೋಗುತ್ತೆ. ಒಂದು ಪೂರ್ತಿ ಬಿಲ್ಲೆ ನೂರು ಚದರಡಿ ನೀರಿಗೆ ಸುಮಾರು 30 ದಿನ ಬರುತ್ತೆ ಅಂತ ಲೆಕ್ಕ. ಪಾಟ್ ತಟ್ಟೆಗೆ ಅಷ್ಟೆಲ್ಲ ಬೇಡ, ನಾನು ಕಟಿಂಗ್ ಪ್ಲೇಯರಲ್ಲಿ ಮುರಿದು ಹುಣಸೆಬೀಜದಷ್ಟು ದೊಡ್ಡ ಚೂರು ಮಾಡಿ ಹಾಕಿದೆ.

ನಂಬಿಕೆ ಬರೋಕೆ ಮುಂಚೆ ಒಂದು ಪರೀಕ್ಷೆ ಮಾಡ್ದೆ, ಅದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ. ಎರಡು ಬಿಳೀ ಪ್ಲಾಸ್ಟಿಕ್ ಮಗ್ ತಗೊಂಡು ಒಂದೇ ತಟ್ಟೆ ನೀರನ್ನ ಸೌಟಲ್ಲಿ ಸಮ ಸಮ ಹಂಚಿದೆ. ಬಿಳೀ ಮಗ್‌ನಲ್ಲೇ ಯಾಕಂದ್ರೆ ಕಪ್ಪು ತಟ್ಟೇಲಿ ಇವು ಕಾಣೋದೇ ಇಲ್ಲ, ಬಿಳೀದ್ರಲ್ಲಿ ಎಲ್ಲಾ ಸ್ಪಷ್ಟ. ಚಿಕ್ಕವು ದಾರದ ತುಂಡಿನಷ್ಟು, ದೊಡ್ಡವು ಜೀರಿಗೆ ಕಾಳಿಗಿಂತ ಒಂಚೂರು ಉದ್ದ, ತಲೆ ಕೆಳಗೆ ಬಾಲ ಮೇಲೆ ಮಾಡ್ಕೊಂಡು ನೇತಾಡ್ತಿರ್ತವೆ. ಜೊತೆಗೆ ಅಲ್ಪವಿರಾಮ ಚಿಹ್ನೆ ತರ ಬಾಗಿದ ತಲೆದಪ್ಪ ಇರೋವು ಮೂರ್ನಾಲ್ಕು, ಅವು ಪ್ಯೂಪಾ, ಅಂದ್ರೆ ಕೋಶ ಆಗಿರೋವು, ಇನ್ನು ಎರಡು ಮೂರು ದಿನಕ್ಕೆ ಸೊಳ್ಳೆಯಾಗಿ ಹಾರೋವು. ಒಂದು ಮಗ್‌ಗೆ ಚೂರು ಹಾಕಿದೆ, ಇನ್ನೊಂದಕ್ಕೆ ಏನೂ ಹಾಕ್ಲಿಲ್ಲ, ಎರಡಕ್ಕೂ ಹಳೇ ಸೊಳ್ಳೆ ಪರದೆ ತುಂಡು ರಬ್ಬರ್ ಬ್ಯಾಂಡಲ್ಲಿ ಕಟ್ಟಿ ಬಚ್ಚಲ ಕಿಟಕೀಲಿಟ್ಟೆ. ಮಗನೂ ನನ್ನ ಜೊತೆ ಕೂತು ನೋಡ್ತಿದ್ದ, ಅವನೇ ಹೆಸರು ಬರೆದು ಚೀಟಿ ಅಂಟಿಸಿದ.

ರಾತ್ರಿ ಊಟ ಆದ್ಮೇಲೆ ಟಾರ್ಚ್ ಬಿಟ್ಟು ನೋಡಿದ್ರೆ, ಬಿಲ್ಲೆ ಹಾಕಿದ ಮಗ್‌ನಲ್ಲಿ ಮರಿಗಳು ಮಂಕಾಗಿದ್ವು. ಮೊದಲು ಬೆಳಕು ಬಿದ್ರೆ ಸರಕ್ಕಂತ ಕೆಳಗಿಳೀತಿದ್ದವು ಈಗ ಇದ್ದಲ್ಲೇ ಒಂದು ಸಲ ಮಡಚಿಕೊಂಡು ಸುಮ್ನಾಗ್ತಿದ್ವು. ಬೆಳಿಗ್ಗೆ ಏಳೂವರೆಗೆ ಎಲ್ಲಾ ತಳದಲ್ಲಿ ಬಿದ್ದಿದ್ವು, ಬಣ್ಣ ಕಪ್ಪಾಗಿ ನೆಟ್ಟಗೆ ಚಾಚ್ಕೊಂಡು. ಹಾಕದೇ ಇದ್ದ ಮಗ್‌ನಲ್ಲಿ ಮಾಮೂಲಿ ಕುಣಿದಾಟ. ಆದ್ರೆ ಬಿಲ್ಲೆ ಹಾಕಿದ ಮಗ್‌ನಲ್ಲೂ ಆ ಬಾಗಿದ ಪ್ಯೂಪಾಗಳು ಮಾತ್ರ ಉರುಳಾಡ್ಕೊಂಡೇ ಇದ್ವು, ಎರಡನೇ ದಿನ ಸಂಜೆಗೆ ಪರದೆ ಒಳಗೆ ಸೊಳ್ಳೆ ಕೂತಿತ್ತು, ಕಾಲಿಗೆಲ್ಲಾ ಬಿಳೀ ಪಟ್ಟೆ, ಬೆನ್ನ ಮೇಲೆ ಒಂದೇ ಒಂದು ಬಿಳೀ ಗೆರೆ. ಅದು ಈಡಿಸ್ ಆಲ್ಬೊಪಿಕ್ಟಸ್ ಅನ್ನೋ ಜಾತಿ, ಗಿಡ ಮರ ತೋಟ ಇರೋ ಕಡೇನೇ ಜಾಸ್ತಿ, ಡೆಂಗ್ಯೂ ಚಿಕುನ್‌ಗುನ್ಯ ಎರಡನ್ನೂ ಹರಡುತ್ತೆ. ನಗರದ ಮನೆಗಳಲ್ಲಿ ಇರೋದು ಹೆಚ್ಚಾಗಿ ಇದರ ಅಕ್ಕ ತಂಗಿ ಜಾತಿ ಈಡಿಸ್ ಈಜಿಪ್ಟಿ.

ಇದು ಈ ಸಾಮಾನಿನ ದೊಡ್ಡ ಮಿತಿ, ತುಂಬ ಜನ ಇದನ್ನ ತಿಳ್ಕೊಳದೇನೇ ಒಂದು ಸ್ಟಾರ್ ಕೊಟ್ಟು ಹೋಗ್ತಾರೆ. ಬಿಟಿಐ ತಿಂದ್ರೆ ಮಾತ್ರ ಕೊಲ್ಲುತ್ತೆ. ಪ್ಯೂಪಾ ಏನೂ ತಿನ್ನಲ್ಲ, ಹಾಗಾಗಿ ಅದಕ್ಕೆ ಏನೂ ಆಗಲ್ಲ. ಮರಿ ಕೂಡ ಪ್ಯೂಪಾ ಆಗೋಕೆ ಹತ್ರ ಬಂದಾಗ ತಿನ್ನೋದು ನಿಲ್ಲಿಸುತ್ತೆ. ಹಾರೋ ಸೊಳ್ಳೆಗೂ ಏನೂ ಆಗಲ್ಲ. ಇವತ್ತು ಹಾಕಿ ನಾಳೆ ಸೊಳ್ಳೆ ಇಲ್ಲ ಅಂತ ಕಾಯ್ಬಾರ್ದು, ಈಗಾಗ್ಲೇ ಹುಟ್ಟಿರೋ ಸೊಳ್ಳೆ ಎರಡು ಮೂರು ವಾರ ಬದುಕಿ ಕಚ್ತಾನೇ ಇರುತ್ತೆ, ಹೊಸದು ಬರೋದು ನಿಂತ ಮೇಲೆ ನಿಧಾನಕ್ಕೆ ಕಮ್ಮಿ ಆಗುತ್ತೆ. ನಮ್ಮ ಜಗಲೀಲಿ ವ್ಯತ್ಯಾಸ ಗೊತ್ತಾಗೋಕೆ ಹತ್ರ ಹತ್ರ ಒಂದು ತಿಂಗಳು ಬೇಕಾಯ್ತು. ಅದಕ್ಕೇ ನಾನು ಮಾಡೋದು, ಮೊದಲ್ನೇ ಸಲ ಹಾಕೋವಾಗ ತಟ್ಟೆ ನೀರು ಪೂರ್ತಿ ಚೆಲ್ಲಿಬಿಡೋದು, ಆಗ ಪ್ಯೂಪಾನೂ ಹೋಗುತ್ತೆ, ಆಮೇಲೆ ಹೊಸ ನೀರಿಗೆ ಚೂರು. ಚೆಲ್ಲೋದು ಒಣ ಮಣ್ಣಿಗೆ ಅಥವಾ ಬಿಸಿಲು ಕಲ್ಲಿಗೆ, ಚರಂಡಿಗೆ ಬಿಟ್ರೆ ಅಲ್ಲೇ ಮುಂದುವರೀತವೆ.

ಚೆಲ್ಲಿದ್ರೂ ಸಾಲದು, ತಿಕ್ಕಬೇಕು. ಈ ಪಟ್ಟೆ ಸೊಳ್ಳೆ ಮೊಟ್ಟೆ ಇಡೋದು ನೀರಿನಲ್ಲಲ್ಲ, ನೀರಿನ ಅಂಚಿನ ಒಂದು ಚೂರು ಮೇಲೆ ತಟ್ಟೆಯ ಒಳಗೋಡೆಗೆ, ಒಂದು ಸಲಕ್ಕೆ ಸುಮಾರು ನೂರು. ನೀರು ಬತ್ತಿದ್ರೂ ಆ ಮೊಟ್ಟೆ ತಿಂಗಳುಗಟ್ಟಲೆ ಒಣಗಿಕೊಂಡೇ ಜೀವ ಹಿಡ್ಕೊಂಡಿರುತ್ತೆ, ಮತ್ತೆ ನೀರು ಮುಟ್ಟಿದ ದಿನ ಒಡೆಯುತ್ತೆ. ಇದು ಗೊತ್ತಾದ್ಮೇಲೆ ನನಗೆ ಒಂದು ವಿಷಯ ಹೊಳೀತು. ನಮ್ಮಲ್ಲಿ ಫೆಬ್ರವರಿ ಮಾರ್ಚಲ್ಲಿ ಹೂಮಳೆ ಬರುತ್ತಲ್ಲ, ಕಾಫಿ ಹೂ ಅರಳಿ ಎಲ್ರೂ ಖುಷಿಯಾಗಿರೋ ವಾರ, ಅದಾಗಿ ಸ್ವಲ್ಪ ದಿನಕ್ಕೆ ಎಲ್ಲಿಂದಲೋ ಸೊಳ್ಳೆ ಶುರುವಾಗುತ್ತೆ. ಹೋದ ವರ್ಷದ ಒಣ ತಟ್ಟೆಗಳಲ್ಲಿ ಅಂಟ್ಕೊಂಡಿದ್ದ ಮೊಟ್ಟೆಗೆ ಆ ಒಂದು ಮಳೆ ಸಾಕು. ಈ ವರ್ಷ ಹೂಮಳೆಗೆ ಮುಂಚೇನೇ ಎಲ್ಲಾ ತಟ್ಟೆ ಅಂಗಳಕ್ಕೆ ತಂದು ತೆಂಗಿನ ನಾರು ಬೂದಿ ಹಾಕಿ ಪಾತ್ರೆ ತಿಕ್ಕೋ ಹಾಗೆ ತಿಕ್ಕಿದ್ವಿ, ಅತ್ತೆ, ನಾನು, ಕೆಲಸಕ್ಕೆ ಬರೋ ಅಕ್ಕ, ಮೂರು ಜನ ಒಂದಿಡೀ ಬೆಳಿಗ್ಗೆ. ಅರ್ಧದಷ್ಟು ತಟ್ಟೆ ವಾಪಸ್ ಇಡ್ಲೇ ಇಲ್ಲ, ಬೇಡದ ಕಡೆ ತಟ್ಟೆ ಯಾಕೆ. ಇನ್ನು ಕೆಲವಕ್ಕೆ ಹೊಳೆ ಮರಳು ತುಂಬಿಸಿದ್ವಿ, ಹೆಚ್ಚಾದ ನೀರು ಮರಳಲ್ಲಿ ಇಂಗಿರುತ್ತೆ, ಮೇಲೆ ನಿಲ್ಲಲ್ಲ, ಸೊಳ್ಳೆಗೆ ಜಾಗ ಇಲ್ಲ. ಅದಕ್ಕೆ ಖರ್ಚೇ ಇಲ್ಲ.

ಹಾಗಾದ್ರೆ ಬಿಲ್ಲೆ ಯಾಕೆ ಬೇಕು ಅಂದ್ರೆ, ಚೆಲ್ಲೋಕಾಗದ ನೀರಿಗೆ. ಅಲ್ಲಿ ಇದಕ್ಕೆ ಸರಿಸಾಟಿ ಇಲ್ಲ. ನಮ್ಮ ದೊಡ್ಡ ಸಿಮೆಂಟ್ ಪಾಟ್‌ಗಳು ಇಬ್ರು ಗಂಡಸ್ರು ಹಿಡಿದ್ರೂ ಅಲುಗಾಡಲ್ಲ, ಅದರ ಕೆಳಗಿನ ತಟ್ಟೇನ ವಾರಕ್ಕೊಮ್ಮೆ ಯಾರು ತೆಗೀತಾರೆ. ಬ್ರೊಮಿಲಿಯಾಡ್ ಅಂತೂ ಗಿಡದ ಮಧ್ಯದ ಬಟ್ಟಲಲ್ಲಿ ನೀರು ಇರ್ಲೇಬೇಕು, ಪ್ರತಿ ಎಲೆ ಸಂದೀಲೂ ಒಂದೊಂದು ಗುಟುಕು ನೀರು, ಅಷ್ಟರಲ್ಲೂ ಐದಾರು ಮರಿ. ಪೈಪಲ್ಲಿ ಜೋರಾಗಿ ನೀರು ಬಿಟ್ಟು ತೊಳೀಬಹುದು, ನಾನೂ ತೊಳೀತೀನಿ, ಆದ್ರೆ ಒಳಗಿನ ಸಂದಿಗೆ ಪೂರ್ತಿ ಹೋಗಲ್ಲ. ಈಗ ನಾನು ಕಾಲು ಬಿಲ್ಲೆಯನ್ನ ಬಕೆಟ್ ನೀರಲ್ಲಿ ರಾತ್ರಿ ನೆನೆಹಾಕಿ ಬೆಳಿಗ್ಗೆ ಆ ನೀರನ್ನ ಚೊಂಬಲ್ಲಿ ಒಂದೊಂದು ಬಟ್ಟಲಿಗೆ ಹುಯ್ತೀನಿ, ಎರಡು ವಾರಕ್ಕೊಮ್ಮೆ. ಒಂದು ಮರಿ ಕಾಣಿಸಿಲ್ಲ ಈ ವರ್ಷ. ಉಳಿದ ನೀರನ್ನ ಸುಮ್ನೆ ಪಾಟ್ ಮಣ್ಣಿಗೆ ಹಾಕಿದ್ದಕ್ಕೆ ಇನ್ನೊಂದು ಲಾಭ ಆಯ್ತು, ಒದ್ದೆ ಮಣ್ಣಿಂದ ಏಳೋ ಸಣ್ಣ ಕಪ್ಪು ನೊಣ ಇರುತ್ತಲ್ಲ, ಫಂಗಸ್ ನ್ಯಾಟ್ ಅಂತಾರೆ, ಅದರ ಮರಿಗೂ ಇದೇ ಮದ್ದು, ಅಡುಗೆಮನೇಲಿ ಅದರ ಕಾಟ ಬಹಳ ಕಮ್ಮಿ ಆಯ್ತು.

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ, ಕಕ್ಕಡದ ಮಳೇಲಿ, ಹೊರಗಿರೋ ಪಾಟ್‌ಗಳಿಗೆ ಬಿಲ್ಲೆ ಹಾಕೋದು ದಂಡ. ತಟ್ಟೆ ದಿನಕ್ಕೆ ಹತ್ತು ಸಲ ತುಂಬಿ ಹರಿಯುತ್ತೆ, ಚೂರು ತೇಲ್ಕೊಂಡು ಹೋಗುತ್ತೆ, ಜೊತೆಗೆ ಮರಿಗಳೂ ಹೋಗ್ತವೆ ಅನ್ನಿ. ಆಗ ಅಪಾಯ ಇರೋದು ಮಳೆ ನೇರ ಬೀಳದ ಜಾಗದಲ್ಲಿ, ಹೆಂಚಿನ ಅಂಚಿಂದ ಎರಚಲು ಮಾತ್ರ ಬರೋ ಜಗಲಿ, ಅಲ್ಲಿ ನೀರು ತುಂಬುತ್ತೆ ಆದ್ರೆ ಹರಿಯಲ್ಲ. ನಮ್ಮ ಹನ್ನೊಂದು ತಟ್ಟೆನೂ ಅಂಥಾ ಜಾಗದಲ್ಲೇ ಇದ್ದದ್ದು. ಇನ್ನೊಂದು ಕೆಟ್ಟ ಕಾಲ ಅಂದ್ರೆ ಕೈಲ್‌ಪೊಳ್ದ್ ಹಬ್ಬ ಆದ್ಮೇಲೆ, ಸೆಪ್ಟೆಂಬರ್ ಅಕ್ಟೋಬರ್, ಮಳೆ ಬಿಟ್ಟು ಬಿಟ್ಟು ಬರುತ್ತೆ, ಬಿಸಿಲೂ ಬರುತ್ತೆ, ನೀರು ಬೆಚ್ಚಗಾಗುತ್ತೆ. ಬೆಚ್ಚಗಿನ ನೀರಲ್ಲಿ ಮೊಟ್ಟೆಯಿಂದ ಸೊಳ್ಳೆ ಆಗೋಕೆ ಎಂಟು ಹತ್ತು ದಿನ ಸಾಕು, ಜುಲೈನ ಥಂಡೀಲಿ ಅದಕ್ಕಿಂತ ಜಾಸ್ತಿ ದಿನ ಬೇಕು. ಅಂದ್ರೆ ವಾರಕ್ಕೊಮ್ಮೆ ತಟ್ಟೆ ಚೆಲ್ಲಿದ್ರೆ ಯಾವ ಕಾಲಕ್ಕೂ ಅದು ಹಾರೋ ಹಂತಕ್ಕೆ ಬರಲ್ಲ. ನಾವು ಶುಕ್ರವಾರ ಇಟ್ಕೊಂಡಿದೀವಿ, ಮಡಿಕೇರಿ ಸಂತೆ ದಿನ, ಸಂತೆಗೆ ಹೊರಡೋ ಮುಂಚೆ ತಟ್ಟೆ, ಮನಿಪ್ಲಾಂಟ್ ಬಾಟ್ಲಿ, ಫ್ರಿಡ್ಜ್ ಹಿಂದಿನ ಟ್ರೇ. ಆ ಟ್ರೇ ಮರೀಬೇಡಿ, ಅಲ್ಲೂ ನೀರು ನಿಂತಿರುತ್ತೆ.

ಬಿಲ್ಲೆಯ ಒಂದು ಒಳ್ಳೇ ಗುಣ, ತಟ್ಟೆ ಒಣಗಿದ್ರೆ ಅದೂ ಒಣಗಿ ಕೂತಿರುತ್ತೆ, ಮತ್ತೆ ನೀರು ಬಿದ್ರೆ ಮತ್ತೆ ಕೆಲಸ ಶುರು. ಮೇ ತಿಂಗಳಲ್ಲಿ ಒಂದು ದಿನ ಮಳೆ ನಾಲ್ಕು ದಿನ ಬಿಸಿಲು ಇದ್ದಾಗ ಇದು ಬಹಳ ಉಪಯೋಗ ಆಯ್ತು. ಕೆಟ್ಟದ್ದು ಅಂದ್ರೆ ನೇರ ಬಿಸಿಲಿಗೆ ಬ್ಯಾಕ್ಟೀರಿಯಾ ಶಕ್ತಿ ಕಳ್ಕೊಳುತ್ತೆ, ಎಲೆ ಕೊಳೆತು ಕಪ್ಪಾದ ನೀರಲ್ಲಿ ಮರಿಗಳಿಗೆ ತಿನ್ನೋಕೆ ಬೇರೆ ಬೇಕಾದಷ್ಟು ಇರೋದ್ರಿಂದ ಇದನ್ನ ತಿನ್ನೋದು ಕಮ್ಮಿ. ಅಂಥಾ ಕಡೆ 30 ದಿನ ಅಂತ ನಂಬಿ ಕೂರ್ಬೇಡಿ, ನಾನು ಎರಡು ವಾರಕ್ಕೆ ಬದಲಾಯಿಸ್ತೀನಿ. ಆಮೇಲೆ ಬೆಲೆ. ಬಿಲ್ಲೆ ಹೊರದೇಶದ್ದು ಅಂತ ರೇಟ್ ಜಾಸ್ತಿ, ಸಾಮಾನ್ಯ ಮನೆಗೆ ಇದು ಭಾರಾನೇ.

ಅದಕ್ಕೆ ಈ ವರ್ಷ ಜೂನಲ್ಲಿ ಪುಡಿನೂ ತರಿಸಿದೆ, ನಮ್ಮ ದೇಶದಲ್ಲೇ ತಯಾರಾಗೋದು, ಆರೋಗ್ಯ ಇಲಾಖೆಯವ್ರ ಕೆಲಸದಲ್ಲೂ ಬಿಟಿಐ ಪುಡಿ, ದ್ರಾವಣ ಎರಡೂ ಬಳಕೇಲಿದೆ. ಬೆಲೆ ಲೆಕ್ಕದಲ್ಲಿ ಪುಡಿ ಎಷ್ಟೋ ವಾಸಿ. ಆದ್ರೆ ಬಳಸೋದು ಕಷ್ಟ. ನೀರಿಗೆ ಹಾಕಿದ್ರೆ ಗಂಟು ಕಟ್ಟುತ್ತೆ, ರಾಗಿ ಹಿಟ್ಟು ಕದಡೋ ಹಾಗೆ ಮೊದಲು ಸ್ವಲ್ಪ ನೀರಲ್ಲಿ ಕಲಸಿ ಆಮೇಲೆ ತೆಳು ಮಾಡ್ಬೇಕು, ಸ್ಪ್ರೇ ಬಾಟ್ಲಿ ಅಲ್ಲಾಡಿಸ್ತಾನೇ ಇರ್ಬೇಕು ಇಲ್ಲಾಂದ್ರೆ ತಳದಲ್ಲಿ ಕೂತು ಬಾಯಿ ಕಟ್ಟುತ್ತೆ. ಹಳಸಿದ ಹಿಟ್ಟಿನ ವಾಸನೆ ಇದೆ, ಪುಡಿ ಹಾರುತ್ತೆ, ಮೂಗಿಗೆ ಬಟ್ಟೆ ಕಟ್ಟಿ ಗ್ಲೌಸ್ ಹಾಕ್ಕೊಂಡೇ ಮಾಡಿ, ಕಣ್ಣಿಗೆ ಬಿದ್ರೆ ಉರಿಯುತ್ತೆ. ಕೊಲ್ಲೋದ್ರಲ್ಲಿ ಎರಡೂ ಒಂದೇ, ಬೆಳಿಗ್ಗೆ ಹಾಕಿದ್ರೆ ಮಾರನೇ ಬೆಳಿಗ್ಗೆಗೆ ಮುಗೀತು. ಆದ್ರೆ ಪುಡಿ ತಳಕ್ಕೆ ಇಳಿದು ಹತ್ತು ದಿನದೊಳಗೆ ಶಕ್ತಿ ಮುಗಿಯುತ್ತೆ, ನಮ್ಮಲ್ಲಿ ಏಳೆಂಟನೇ ದಿನಕ್ಕೇ ಹೊಸ ಮರಿ ಕಂಡ್ವು. ಮೇಲಿಂದ ಮೇಲೆ ಹಾಕೋ ತಾಳ್ಮೆ ಇದ್ರೆ ಪುಡಿ, ಇಲ್ಲಾಂದ್ರೆ ಬಿಲ್ಲೆ.

ಟೆಮಿಫಾಸ್ ಹಾಕಿದ್ರಾಗಲ್ವಾ ಅಂತ ಕೇಳೋರಿದಾರೆ. ಅದು ರಾಸಾಯನಿಕ ಔಷಧಿ, ಇಲಾಖೆಯವ್ರು ಅಳತೆ ಗೊತ್ತಿದ್ದು ಹಾಕ್ತಾರೆ, ಕೆಲಸನೂ ಮಾಡುತ್ತೆ. ಮಕ್ಕಳು ಕೈ ಅದ್ದೋ, ಜೇನು ಕೂರೋ, ಬೆಕ್ಕು ನೆಕ್ಕೋ ತಟ್ಟೆಗೆ ನಾನೇ ಅಂದಾಜಲ್ಲಿ ಅದನ್ನ ಹಾಕೋ ಧೈರ್ಯ ಮಾಡಲ್ಲ.

ಇನ್ನೊಂದು ಹೇಳ್ಲೇಬೇಕು. ನಾವು ಎಷ್ಟೇ ಮಾಡಿದ್ರೂ ಆಗಸ್ಟ್ ಕೊನೇಲಿ ಮತ್ತೆ ಪಟ್ಟೆ ಸೊಳ್ಳೆ ಕಾಣಿಸ್ಕೊಳ್ತು, ನನಗೆ ಕೈಕಾಲೇ ಆಡ್ಲಿಲ್ಲ. ಈ ಸೊಳ್ಳೆ ದೂರ ಹಾರಲ್ಲ, ಒಂದೆರಡು ನೂರು ಮೀಟರ್ ಒಳಗೇ ಸುತ್ತೋದು, ಹಾಗಾದ್ರೆ ಹತ್ರದಲ್ಲೇ ಎಲ್ಲೋ ಇದೆ ಅಂತ ಹುಡುಕಿದ್ವಿ. ತೋಟದ ಕೆಲಸದವ್ರು ಇರೋ ಲೈನ್ ಮನೆ ಹಿಂದೆ ಸೌದೆ ಮೇಲೆ ಹೊದಿಸಿದ ಟಾರ್ಪಾಲಿನ ಮಡಿಕೆಗಳಲ್ಲಿ ಬೊಗಸೆ ಬೊಗಸೆ ನೀರು, ಅಡಿಕೆ ಮರದ ಕೆಳಗೆ ಬಿದ್ದ ಹಾಳೆಗಳಲ್ಲಿ, ಕಡಿದ ಬಿದಿರಿನ ಬುಡದ ಕೊಳವೇಲಿ. ಎಲ್ಲದ್ರಲ್ಲೂ ಮರಿ. ಲೈನ್ ಮನೇಲಿ ಮೂರು ಸಂಸಾರ ಇದೆ, ಐದು ಮಕ್ಕಳು. ಅವ್ರ ಮಕ್ಕಳಿಗೆ ಆದ್ರೂ ಒಂದೇ ನಮ್ಮ ಮಗನಿಗೆ ಆದ್ರೂ ಒಂದೇ ಅಂತ ಅವತ್ತೇ ಎಲ್ರೂ ಸೇರಿ ಟಾರ್ಪಾಲು ಇಳಿಜಾರಾಗಿ ಎಳೆದು ಕಟ್ಟಿದ್ವಿ, ಹಾಳೆ ಎಲ್ಲಾ ಮಗುಚಿ ಹಾಕಿದ್ವಿ, ಬಿದಿರು ಬುಡಕ್ಕೆ ಮಣ್ಣು ತುಂಬಿಸಿದ್ವಿ, ಅವರ ನೀಲಿ ಡ್ರಮ್‌ಗಳಿಗೆ ಪರದೆ ಬಟ್ಟೆ ಕಟ್ಟಿ ಒಳಗೆ ಒಂದೊಂದು ಚೂರು ಬಿಲ್ಲೆ ಹಾಕಿದ್ವಿ, ಅದು ಬಟ್ಟೆ ಒಗೆಯೋ ನೀರು, ಕುಡಿಯೋದಲ್ಲ. ಸೆಪ್ಟೆಂಬರ್ ಕೊನೆಗೆ ಜಗಲೀಲಿ ಹಗಲು ಕೂತ್ರೆ ಕಚ್ಚೋದು ನಿಂತಿತ್ತು.

ಐದಕ್ಕೆ ಬಿಲ್ಲೆಗೆ ನಾಲ್ಕೂವರೆ ಕೊಡ್ತೀನಿ, ಬೆಲೆಗೆ ಅರ್ಧ ಕಮ್ಮಿ. ಪುಡಿಗೆ ಮೂರೂವರೆ. ನಾಲ್ಕೈದು ಪಾಟ್ ಇರೋ ಮನೆಯವ್ರು ಎರಡನ್ನೂ ತಗೋಬೇಡಿ, ವಾರಕ್ಕೊಮ್ಮೆ ತಟ್ಟೆ ಚೆಲ್ಲಿ ತಿಕ್ಕಿದ್ರೆ ಸಾಕು. ಬ್ರೊಮಿಲಿಯಾಡ್, ತಾವರೆ ಟಬ್, ಎತ್ತೋಕಾಗದ ಪಾಟ್, ಮಳೆ ನೀರಿನ ಡ್ರಮ್ ಇರೋರು, ಹೋಮ್‌ಸ್ಟೇ ನಡೆಸೋರು ಖಂಡಿತ ತಗೊಳಿ.

ಹೋದ ವಾರ ಆಶಾ ಅಕ್ಕ ಈ ಕಡೆ ಬಂದಿದ್ರು, ನಾನೇ ಟಾರ್ಚ್ ಕೊಟ್ಟು ನೋಡಿ ಅಂದೆ. ಮೆಟ್ಟಿಲಿಂದ ಹಿತ್ತಿಲ ತನಕ ಒಂದೂ ಬಿಡದೆ ನೋಡಿದ್ರು, ಹಿತ್ತಿಲಲ್ಲಿ ಒಡೆದ ಒಂದು ಮಡಕೆ ಚೂರಲ್ಲಿ ಎರಡು ಮರಿ ಸಿಕ್ತು, ಅವ್ರೇ ಮಗುಚಿ ಹಾಕಿದ್ರು. ಈಗ ಸ್ಟೀಲ್ ಡಬ್ಬೀಲಿ ಎರಡೂವರೆ ಬಿಲ್ಲೆ ಉಳಿದಿದೆ, ಬೀರುವಲ್ಲಿಟ್ಟಿದೀನಿ, ಹೂಮಳೆಗೆ ಮುಂಚೆ ಇನ್ನೊಂದು ಪ್ಯಾಕೆಟ್ ತರಿಸ್ಬೇಕು, ಅರ್ಧ ನಮಗೆ ಅರ್ಧ ಲೈನ್ ಮನೆಗೆ.